ಪಿಯಾನೋ ಮುಂದೆ ಹಸೆ ಹಾಡು

ಮದುವೆ ಮನೆಗಳಲ್ಲಿ ಹಸೆ ಹಾಡು ಹೇಳುವುದು ನನ್ನ ಕೆಲಸ. ಮದ್ರಾಸಿನಲ್ಲಿ ನಮ್ಮ ಕಡೆಯವರು ಮದುವೆ ಇಟ್ಟುಕೊಂಡರೆ ಛತ್ರ ಗೊತ್ತು ಮಾಡಿ, ಅಡುಗೆಯವರನ್ನು ಗೊತ್ತು ಮಾಡಿ, ಆಮೇಲೆ ನನಗೂ ನನ್ನ ಓರಗಿತ್ತಿಗೂ ಹೇಳಿಕಳಿಸುತ್ತಾರೆ. ಅವಳು ನನ್ನ ಮೈದುನನ ಹೆಂಡತಿ, ಅಣ್ಣಾ ನಗರದಲ್ಲಿದ್ದಾಳೆ. ನಾನಿರುವುದು ಪುರಸೈವಾಕ್ಕಂನಲ್ಲಿ, ನಮ್ಮ ಪಾತ್ರೆ ಅಂಗಡಿಯ ಮೇಲಿನ ಮನೆಯಲ್ಲಿ. ನಾನು ಮುಂದೆ ಹೇಳುತ್ತೇನೆ, ಅವಳು ಹಿಂದೆ ಹೇಳುತ್ತಾಳೆ. ಎಂಥೆಂಥ ಬೀಗರನ್ನೋ ನೋಡಿದ್ದೇನೆ, ಆದರೆ ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ಕಷ್ಟ ಕೊಟ್ಟವಳು ನನ್ನ ಮಗನ ಮಗಳು. ಅವಳ ಮೊದಲನೆಯ ಆಲ್ಬಂಗೆ ಹಾಡಲು ಹೋಗಿದ್ದೆ. ಆ ವಿಷಯಕ್ಕೆ ನೆಂಟರಲ್ಲಿ ತಲೆಗೊಂದು ಮಾತು ಹುಟ್ಟಿದೆ. ಅಜ್ಜಿಯನ್ನು ಹೊರಗೆ ಹಾಕಿದಳು ಎಂದು ಕೆಲವರು, ಅಜ್ಜಿಗೆ ಜಂಬ ಎಂದು ಕೆಲವರು. ನನಗೆ ಓದು ನಾಲ್ಕನೇ ಕ್ಲಾಸು, ಬರೆಯುವುದು ನಿಧಾನ. ಆದರೂ ನಾನೇ ಬರೆದುಬಿಟ್ಟರೆ ಒಬ್ಬೊಬ್ಬರಿಗೂ ಹೇಳುವುದು ತಪ್ಪುತ್ತದೆ.

ಮೊಮ್ಮಗಳು ಪಿಯಾನೋ ನುಡಿಸುತ್ತಾಳೆ. ಚಿಕ್ಕವಳಿದ್ದಾಗ ಮಗ ಸೊಸೆ ಇಬ್ಬರೂ ಅಂಗಡಿಯಲ್ಲಿರುತ್ತಿದ್ದರು, ಹಾಗಾಗಿ ಅವಳನ್ನು ಪಾಠಕ್ಕೆ ಕರೆದುಕೊಂಡು ಹೋಗುವ ಕೆಲಸ ನನ್ನದಾಯಿತು. ವೇಪೇರಿಯಲ್ಲಿ ಒಬ್ಬ ಟೀಚರಮ್ಮ, ಚರ್ಚಿನಲ್ಲಿ ನುಡಿಸುತ್ತಿದ್ದವರು. ಪುಸ್ತಕದಲ್ಲಿ ಬರೆದದ್ದನ್ನು ಬಿಟ್ಟು ಒಂದು ಬೆರಳು ಆಚೆ ಹೋಗಲು ಬಿಡುತ್ತಿರಲಿಲ್ಲ. ನಾನು ಅವರ ವರಾಂಡದಲ್ಲಿ ಕೂತು ಸೊಪ್ಪು ಬಿಡಿಸುತ್ತಾ ಅದೇ ಪಾಠವನ್ನು ತಿಂಗಳುಗಟ್ಟಲೆ ಕೇಳಿದ್ದೇನೆ. ಇವಳು ಪರೀಕ್ಷೆಗಳನ್ನೆಲ್ಲ ಪಾಸು ಮಾಡಿ ಸಂಗೀತದ ಕಾಲೇಜು ಸೇರಿದಳು. ಸೇರಿದ ಮೇಲೆ ಪುಸ್ತಕ ಬಿಟ್ಟಳು. ನುಡಿಸುವುದು ಜಾಜ್ ಅಂತೆ. ಅದು ಏನೆಂದು ಕೇಳಿದೆ. ಒಂದು ಹಾಡನ್ನು ಹಿಡಿದುಕೊಂಡು, ಅದನ್ನು ಬಿಟ್ಟು ಆಚೆ ಹೋಗಿ, ಆಗ ತೋಚಿದ್ದನ್ನು ನುಡಿಸಿಕೊಂಡು ಮತ್ತೆ ಅದೇ ಹಾಡಿಗೆ ಬರುವುದು ಎಂದಳು. ಸಂಜೆ ಹೊತ್ತು ಒಂದು ಹೋಟೆಲಿನಲ್ಲಿ ನುಡಿಸಲು ಶುರು ಮಾಡಿದಾಗ ಅವಳ ಅಮ್ಮನಿಗೆ ಬೇಜಾರು, ಜನ ತಿನ್ನುತ್ತಾ ಇರುತ್ತಾರಂತೆ, ಯಾರೂ ಕೇಳುವುದಿಲ್ಲವಂತೆ ಎಂದು. ನಾನು ಹಾಡುವಾಗ ಮಾತ್ರ ಯಾರು ಕೇಳುತ್ತಾರೆ? ಪಕ್ಕದಲ್ಲೇ ಪಂಕ್ತಿ ನಡೆಯುತ್ತಿರುತ್ತದೆ.

ಆಲ್ಬಂಗೆ ಅವಳೇ ಹಾಡುಗಳನ್ನು ಕಟ್ಟಿದ್ದಳು. ಮಾತಿಲ್ಲದ ಹಾಡುಗಳು. ದೊಡ್ಡ ತಂತಿ ವಾದ್ಯದವನೊಬ್ಬ, ಡ್ರಮ್ಮಿನವನೊಬ್ಬ, ಇವಳು, ಮೂವರು ಸೇರಿ ರೆಕಾರ್ಡಿಂಗ್ ಮುಗಿಸಿದ್ದರು. ಕೊನೆಯದು ಒಂದು ಉಳಿದಿತ್ತು. ಅದನ್ನು ನನ್ನ ಹಸೆ ಹಾಡಿನ ಮೇಲೆ ಕಟ್ಟಬೇಕು, ನಾನೇ ಬಂದು ಹೇಳಬೇಕು ಎಂದಳು. ಹಾಡಿಬಿಟ್ಟು ಬರುವುದು ತಾನೇ, ಅರ್ಧ ದಿನದ ಕೆಲಸ ಎಂದುಕೊಂಡು ಒಪ್ಪಿಕೊಂಡೆ.

ಹಸೆ ಹಾಡು ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ನೆಲದ ಮೇಲೆ ಹಸೆ ಬರೆದು, ಮಣೆ ಹಾಕಿ, ಹೆಣ್ಣನ್ನು ಅಲ್ಲಿಗೆ ಕರೆಯುವ ಹಾಡು ಅದು. ಹೆಣ್ಣು ಬಂದು ಕೂರುವವರೆಗೆ ಮುಗಿಯಕೂಡದು. ಸೀರೆಯ ನೆರಿಗೆ ಸರಿಯಾಗಿಲ್ಲ, ಫೋಟೋದವನು ಬಂದಿಲ್ಲ, ಅತ್ತೆಯಾಗುವವಳು ಯಾವುದಕ್ಕೋ ಮುನಿಸಿಕೊಂಡಿದ್ದಾಳೆ, ಏನೇ ಆಗಲಿ ನಾವು ಎಳೆಯುತ್ತಿರಬೇಕು. ನಾನು ಒಂದು ಸಾಲು ಹೇಳಿ ಬಾಯಿ ಮುಚ್ಚುತ್ತೇನೆ. ಓರಗಿತ್ತಿ ಅದೇ ಸಾಲನ್ನು ತಿರುಗಿ ಹೇಳುತ್ತಾಳೆ. ಅಷ್ಟರೊಳಗೆ ನಾನು ಉಸಿರು ತೆಗೆದುಕೊಂಡು ಮುಂದಿನದನ್ನು ನೆನಪು ಮಾಡಿಕೊಳ್ಳುತ್ತೇನೆ. ಪ್ರತಿ ನುಡಿಯ ಕೊನೆಗೆ ಹೆಣ್ಣಿನ ಹೆಸರು ಹಿಡಿದು ಕರೆಯಬೇಕು. ಹೆಸರು ಮದುವೆಯಿಂದ ಮದುವೆಗೆ ಬೇರೆ. ಮಿಕ್ಕದ್ದೆಲ್ಲ ನಮ್ಮತ್ತೆ ಹೇಳಿಕೊಟ್ಟದ್ದು.

ಸ್ಟುಡಿಯೋ ನುಂಗಂಬಾಕ್ಕಂನ ಒಂದು ಹಳೆಯ ಮನೆಯಲ್ಲಿತ್ತು. ಗೋಡೆಗೆಲ್ಲ ಹಾಸಿಗೆಯಂಥದ್ದು ಹೊಡೆದಿದ್ದರು. ನಾವು ಹೋದಾಗ ಒಬ್ಬರು ಪಿಯಾನೋದ ಮುಚ್ಚಳ ತೆಗೆದು ಒಂದೊಂದೇ ತಂತಿಯನ್ನು ತಿರುವಿ ಶ್ರುತಿ ಮಾಡುತ್ತಿದ್ದರು. ನಮ್ಮೂರ ಸೆಖೆಗೆ ಅದು ಇವತ್ತು ಸರಿ ಮಾಡಿದರೆ ನಾಳೆ ಇಳಿಯುತ್ತದಂತೆ, ಅದಕ್ಕೆ ಎಸಿ ಹಾಕಿಯೇ ಇಡಬೇಕು, ಆದರೆ ಹಾಡುವಾಗ ಎಸಿ ಸದ್ದು ಮಾಡುತ್ತದೆ ಎಂದು ಆರಿಸಬೇಕು. ಪಿಯಾನೋಗೆ ತಂಪು, ನಮಗೆ ಬೆವರು.

ರೆಕಾರ್ಡಿಂಗ್ ಮಾಡುವವರು ತಮಿಳರು, ನನ್ನ ಮಗನ ವಯಸ್ಸು, ಮಾತು ಕಡಿಮೆ. ನನ್ನ ಕೈ ನೋಡಿ ಬಳೆ ಬಿಚ್ಚುತ್ತೀರಾ ಅಮ್ಮಾ ಎಂದು ಕೇಳಿದರು. ಮೈಕಿಗೆ ಅದರ ಸದ್ದು ಹೋಗುತ್ತದಂತೆ. ಗಂಡ ಅಂಗಡಿಯಲ್ಲಿ ಗಟ್ಟಿಮುಟ್ಟಾಗಿ ಕೂತಿರುವಾಗ ನಾನು ಕೈ ಬರಿದು ಮಾಡಿಕೊಂಡು ಹಸೆ ಹಾಡು ಹೇಳುವುದೇ? ಆಗುವುದಿಲ್ಲ ಎಂದೆ. ಅವರು ವಾದ ಮಾಡಲಿಲ್ಲ. ಒಂದು ಟವಲ್ ತಂದು ಎರಡು ಕೈಗೂ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದರು. ಸುಟ್ಟುಕೊಂಡವಳ ಹಾಗೆ ಕಾಣುತ್ತಿದ್ದೆ. ನಿಂತುಕೊಂಡು ಹಾಡಬೇಕು ಎಂದರು, ಅದೂ ಆಗಲಿಲ್ಲ, ನಾನು ಕೂತು ಹೇಳುವವಳು. ಚಾಪೆ ಹಾಸಿ ಮೈಕನ್ನು ನನ್ನ ಬಾಯಿಯ ಎತ್ತರಕ್ಕೆ ಇಳಿಸಿದರು. ಗಾಜಿನ ಆಚೆ ಪಿಯಾನೋ ಮುಂದೆ ಮೊಮ್ಮಗಳು.

ಕಿವಿಗೆ ಹೆಡ್‌ಫೋನ್ ಹಾಕಿದರು. ಅದರಲ್ಲಿ ಟಿಕ್ ಟಿಕ್ ಎಂದು ತಾಳ, ಹಿಂದೆ ಪಿಯಾನೋ. ನಾನು ಮೊದಲ ಸಾಲು ಹೇಳಿ ಬಾಯಿ ಮುಚ್ಚಿದೆ. ತಿರುಗಿ ಹೇಳುವವರು ಯಾರೂ ಇಲ್ಲ. ಟಿಕ್ ಟಿಕ್ ಮಾತ್ರ ಹೋಗುತ್ತಿದೆ. ಎಷ್ಟು ಕಾಯಬೇಕೋ ತಿಳಿಯದೆ ಎರಡನೆಯ ಸಾಲನ್ನು ಎಲ್ಲೋ ಹಾಕಿದೆ, ಪಿಯಾನೋ ಇನ್ನೆಲ್ಲೋ ಹೋಗಿತ್ತು. ಬೆಳಿಗ್ಗೆಯೆಲ್ಲ ಇದೇ ಆಯಿತು. ಮಧ್ಯಾಹ್ನ ಅವರು ಕಂಪ್ಯೂಟರಿನಲ್ಲಿ ನನ್ನ ಬಾಯಿ ಮುಚ್ಚಿದ ಜಾಗಗಳನ್ನೆಲ್ಲ ಕತ್ತರಿಸಿ, ಸಾಲಿಗೆ ಸಾಲು ಅಂಟಿಸಿ ಕೇಳಿಸಿದರು. ನಾಯಿ ಅಟ್ಟಿಸಿಕೊಂಡು ಬರುತ್ತಿರುವಾಗ ಯಾರೋ ಹಾಡಿದ ಹಾಗಿತ್ತು. ಮೂವರಿಗೂ ನಗು ಬಂತು, ಆದರೆ ಹಾಡು ಬರಲಿಲ್ಲ.

ಮಾರನೆಯ ದಿನ ಟಿಕ್ ಟಿಕ್ ತೆಗೆಸಿದೆ. ನನ್ನ ತಾಳ ನನಗೆ ಗೊತ್ತು ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ. ಹಾಡಿದ ಮೇಲೆ ಮೊಮ್ಮಗಳು ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿದಳು.

"ಅಜ್ಜಿ, ಇಂಗೆ ಪಾರು, ಇಲ್ಲಿ ನೋಡು. ಸ್ಟಾರ್ಟಿಂಗ್‌ನಲ್ಲಿ ಈ ಲೈನು ಇಷ್ಟು ಉದ್ದ ಇದೆ. ಕೊನೇಲಿ ಅದೇ ಲೈನು ಇಷ್ಟೇ. ನೀನು ಓಡ್ತಾ ಇದೀಯ."

ನಾನು ನಂಬಲಿಲ್ಲ. ರೆಕಾರ್ಡಿಂಗಿನವರು ಮೊದಲ ಸಾಲನ್ನೂ ಕೊನೆಯ ಸಾಲನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿಸಿದರು. ನಿಜ. ಇಷ್ಟು ಮದುವೆಗಳಲ್ಲಿ ಹೇಳಿದ್ದೇನೆ, ನಾನು ಓಡುತ್ತೇನೆ ಎಂದು ಯಾರೂ ಹೇಳಿರಲಿಲ್ಲ. ಶ್ರುತಿಯದೂ ಅದೇ ಪಾಡು. ಒಂದೊಂದು ಸಲ ಒಂದೊಂದು ಕಡೆ ಎತ್ತಿಕೊಳ್ಳುತ್ತಿದ್ದೆ, ಅದು ಪಿಯಾನೋದ ಎರಡು ಮನೆಗಳ, ಅಂದರೆ ಎರಡು ಕೀಗಳ, ನಡುವೆ ಬಂದು ಬೀಳುತ್ತಿತ್ತು. ಪಿಯಾನೋವನ್ನು ನನ್ನ ಕಡೆಗೆ ಎಳೆಯಲು ಆಗುವುದಿಲ್ಲ. ಕಿವಿಯಲ್ಲಿ ತಂಬೂರಿ ಸದ್ದು ಹಾಕಿ ಅದಕ್ಕೆ ಸೇರಿಸಿ ಹಾಡು ಎಂದರು. ಸೇರಿಸಿ ಹಾಡಿದರೆ ಹಾಡು ಸ್ಕೂಲ್ ಪ್ರಾರ್ಥನೆಯಂತಾಯಿತು. ಕೊನೆಗೆ ಮೊಮ್ಮಗಳೇ ತಾನು ಬರೆದುಕೊಂಡಿದ್ದ ಮನೆಗಳನ್ನೆಲ್ಲ ಬಿಟ್ಟು, ನನ್ನ ದನಿಗೆ ಹತ್ತಿರವಾದ ಕಡೆಯಿಂದ ಹೊಸದಾಗಿ ಕೈ ಕೂರಿಸಿಕೊಂಡಳು. ಅದಕ್ಕೇ ಎರಡು ದಿನ ಹಿಡಿಯಿತು.

ಓರಗಿತ್ತಿ ಇಲ್ಲದೆ ಇದು ಆಗುವುದಿಲ್ಲ ಎಂದು ನಾನೇ ಹೇಳಿದೆ. ಅವಳಿಗೆ ಮಂಡಿ ನೋವು. ಆಟೋದಲ್ಲಿ ಕರೆದುಕೊಂಡು ಬಂದು, ಮೆಟ್ಟಿಲು ಹತ್ತಿಸಿ, ನನ್ನ ಪಕ್ಕ ಚಾಪೆಯ ಮೇಲೆ ಕೂರಿಸಿದ್ದಾಯಿತು. ಅವಳ ಕೈಗೂ ಟವಲ್. ಎರಡು ಸಾಲು ಹೇಳುವಷ್ಟರಲ್ಲಿ ಅವಳು ನಿಲ್ಲಿಸಿದಳು.

"ಅಕ್ಕ, ಓಡಬೇಡ. ಇಲ್ಲಿ ಯಾರೂ ಊಟಕ್ಕೆ ಕಾಯ್ತಿಲ್ಲ."

"ನಾನು ಓಡ್ತೀನಿ ಅಂತ ನಿನಗೆ ಮೊದಲೇ ಗೊತ್ತಿತ್ತೇನೆ?"

"ನಾನು ಈ ಮನೆಗೆ ಸೊಸೆಯಾಗಿ ಬಂದಾಗಿಂದ ನಿನ್ನನ್ನ ಹಿಂದಕ್ಕೆ ಎಳೀತಾನೇ ಇದೀನಿ."

"ಬಾಯಿಬಿಟ್ಟು ಹೇಳೋದಕ್ಕೆ ಏನಾಗಿತ್ತು?"

"ಹೇಳಿದೀನಿ ಕಣಕ್ಕ. ನೀನು ಕೇಳಿಸ್ಕೊಂಡಿಲ್ಲ."

ಗಾಜಿನ ಆಚೆಯವರಿಗೆ ಇದೆಲ್ಲ ಹೆಡ್‌ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಆಮೇಲೆ ಒಂದು ಪದಕ್ಕೆ ಜಗಳ ಬಂತು, ಅತ್ತೆ ಹೇಳುತ್ತಿದ್ದದ್ದು ಹೀಗೋ ಹಾಗೋ ಎಂದು. ಮೊಮ್ಮಗಳು ನಡುವೆ ಬಂದು, ಎರಡನ್ನೂ ಒಂದೊಂದು ಸಲ ಹೇಳಿಬಿಡಿ, ಹೇಗೂ ನನಗೆ ಎರಡೂ ಅರ್ಥವಾಗುವುದಿಲ್ಲ ಎಂದಳು. ಅವಳು ಕನ್ನಡ ಕೇಳಿಸಿಕೊಂಡು ತಮಿಳಿನಲ್ಲಿ ಉತ್ತರ ಕೊಟ್ಟು ಬೆಳೆದವಳು.

ಅವತ್ತು ಮಧ್ಯಾಹ್ನ ಕಾಫಿ ಕುಡಿದು ಕೂತಾಗ ಹಾಡು ಬಂತು. ಬಂತು ಎಂದರೆ ಬಂತು. ನಾನು ಹೇಳಿದೆ, ಅವಳು ತಿರುಗಿ ಹೇಳಿದಳು, ಪಿಯಾನೋ ಪಕ್ಕದಲ್ಲಿ ಸದ್ದಿಲ್ಲದೆ ನಡೆದು ಬಂತು. ರೆಕಾರ್ಡಿಂಗಿನವರು ಗಾಜಿನ ಆಚೆಯಿಂದ ಎರಡು ಕೈಯನ್ನೂ ಎತ್ತಿ ಮುಗಿದರು.

ಮಾರನೆಯ ದಿನ ಅದನ್ನು ಕೇಳಲು ಆಲ್ಬಂ ಹೊರತರುವ ಕಂಪನಿಯ ಹೆಂಗಸು ಬಂದಳು. ಚಿಕ್ಕ ಕಂಪನಿ, ಅವಳೇ ಎಲ್ಲ. ಮಿಕ್ಕ ಹಾಡುಗಳನ್ನು ಅವಳು ಮೊದಲೇ ಕೇಳಿ ಚೆನ್ನಾಗಿದೆ ಎಂದಿದ್ದಳಂತೆ. ಇದನ್ನು ಕೇಳಿ ಕಣ್ಣೊರೆಸಿಕೊಂಡಳು. ನನ್ನ ಕೈ ಹಿಡಿದುಕೊಂಡು, "ಪಾಟಿ, ನೀಂಗದಾನ್ ಆಲ್ಬಂ" ಎಂದಳು. ಅಜ್ಜೀ, ನೀವೇ ಆಲ್ಬಂ ಎಂದು. ಇದನ್ನೇ ಮೊದಲಿಗೆ ಹಾಕಬೇಕು, ಆಲ್ಬಂಗೂ ಹಸೆ ಎಂದೇ ಹೆಸರಿಡಬೇಕು, ಮೇಲೆ ರೇಷ್ಮೆ ಸೀರೆಯುಟ್ಟ ನನ್ನ ಫೋಟೋ ಇರಬೇಕು. ಹೊರತರುವ ದಿನ ದೊಡ್ಡ ಸಭೆ ಮಾಡಿ ನನ್ನನ್ನು ವೇದಿಕೆಯ ಮೇಲೆ ಕೂರಿಸಬೇಕು. ಪಿಯಾನೋ ಚೆನ್ನಾಗಿ ನುಡಿಸುವವರು ಊರೂರಿಗೂ ಇದ್ದಾರೆ, ಇದು ಯಾರ ಹತ್ತಿರವೂ ಇಲ್ಲ ಎಂದಳು. ಮೊಮ್ಮಗಳು ಓಕೆ ಎಂದಳು. ನನಗೂ ಆಗ ಏನೂ ಅನ್ನಿಸಲಿಲ್ಲ. ಯಾವ ಸೀರೆ ಎಂದು ಯೋಚಿಸುತ್ತಾ ಮನೆಗೆ ಬಂದೆ.

ಆ ಹಾಡನ್ನು ಓರಗಿತ್ತಿಯ ಫೋನಿಗೂ ಕಳಿಸಿದ್ದರು. ಬೆಳಿಗ್ಗೆ ನಾನು ದೋಸೆ ಹೊಯ್ಯುತ್ತಿದ್ದಾಗ ಫೋನು ಮಾಡಿದಳು.

"ಅಕ್ಕ, ಹಸೆಗೆ ಯಾರನ್ನ ಕರ್ದಿದೀಯ ಅಂತ ಗೊತ್ತಾ ನಿನಗೆ?"

ಅವಳು ಹೆಸರು ಹೇಳಿದಳು. ಸ್ವಲ್ಪ ದಿನದ ಹಿಂದೆ ಅಯನಾವರದಲ್ಲಿ ಒಂದು ಮದುವೆಗೆ ಹೋಗಿದ್ದೆವು, ಟೈಲ್ಸ್ ವ್ಯಾಪಾರದವರ ಮನೆಯದು. ಆ ಹುಡುಗಿಯ ಹೆಸರು. ಸ್ಟುಡಿಯೋದಲ್ಲಿ ಹೆಣ್ಣೂ ಇಲ್ಲ, ಹಸೆಯೂ ಇಲ್ಲ, ಬಾಯಿಗೆ ಹಿಂದಿನ ಮದುವೆಯ ಹೆಸರು ತಾನಾಗಿ ಬಂದಿದೆ. ಮೊದಲ ದಿನದಿಂದಲೂ ಅದನ್ನೇ ಹೇಳುತ್ತಿದ್ದೆನೋ ಏನೋ.

"ನೀನೂ ಅದನ್ನೇ ಹೇಳಿದೀಯಲ್ಲೇ!"

"ನೀನು ಏನು ಹೇಳಿದ್ರೂ ತಿರುಗಿ ಹೇಳೋದು ನನ್ನ ಕೆಲಸ. ತಿದ್ದೋದಲ್ಲ."

ಅದು ನಿಜ. ಹಿಂದೆ ಹೇಳುವವರು ಮುಂದಿನವರನ್ನು ಮದುವೆ ಮನೆಯಲ್ಲಿ ತಿದ್ದಕೂಡದು. ಮೊಮ್ಮಗಳನ್ನು ಕೇಳಿದರೆ ಅದು ಹಾಡಿನ ಒಂದು ಪದ ಎಂದುಕೊಂಡಿದ್ದಳಂತೆ.

ಕಂಪನಿಯವಳು ಬಿಟ್ಟುಬಿಡಿ, ಯಾರಿಗೆ ಗೊತ್ತಾಗುತ್ತದೆ ಎಂದಳು. ಆ ಹುಡುಗಿಗೆ ಗೊತ್ತಾಗುತ್ತದೆ. ಅವಳ ಅತ್ತೆಗೆ ಗೊತ್ತಾಗುತ್ತದೆ. ಮದುವೆಯಾಗಿ ಗಂಡನ ಮನೆಗೆ ಹೋದವಳನ್ನು ಮತ್ತೆ ಹೆಸರು ಹಿಡಿದು ಹಸೆಗೆ ಕರೆದರೆ ಏನರ್ಥ? ಅವಳ ಗಂಡ ಚೆನ್ನಾಗಿದ್ದಾನೆ. ಆ ಹಾಡು ಹೊರಗೆ ಹೋಗಕೂಡದು ಎಂದು ಕಡ್ಡಿ ಮುರಿದ ಹಾಗೆ ಹೇಳಿದೆ. ಹೆಸರನ್ನು ಮಾತ್ರ ಕತ್ತರಿಸಿ ಬೇರೆ ಹೆಸರು ಅಂಟಿಸಲು ಆಗುತ್ತದಾ ಎಂದು ರೆಕಾರ್ಡಿಂಗಿನವರು ಒಂದು ದಿನ ಪಾಡುಪಟ್ಟರು. ನಾನು ಸಾಲನ್ನು ಹೆಸರಿನ ಮೇಲೆ ಎಳೆದು ಬಿಡುವವಳು, ನನ್ನ ಕೊನೆ ಮುಗಿಯುವ ಮುಂಚೆ ಓರಗಿತ್ತಿ ಹಿಡಿದುಕೊಂಡಿರುತ್ತಾಳೆ. ಬಿಡಿಸಲು ಬರಲಿಲ್ಲ. ಹೊಸದಾಗಿಯೇ ಹಾಡಬೇಕಾಯಿತು.

ಓರಗಿತ್ತಿ ಇನ್ನು ಆ ಮೆಟ್ಟಿಲು ಹತ್ತುವುದಿಲ್ಲ ಎಂದಳು. ಮಂಡಿ ಊದಿಕೊಂಡಿತ್ತು. ಹಾಗಾದರೆ ಅಜ್ಜಿ, ನಿನ್ನ ಸಾಲನ್ನು ನಾನು ಪಿಯಾನೋದಲ್ಲಿ ತಿರುಗಿ ನುಡಿಸುತ್ತೇನೆ ಎಂದು ಮೊಮ್ಮಗಳು ಹೇಳಿದಳು. ಅದು ಸರಿ. ಆದರೆ ಹೆಸರು? ಯಾರದು ಹಾಕುವುದು?

"ನನ್ನ ಹೆಸರು ಹಾಕು ಅಜ್ಜಿ."

"ನಿನ್ನ ಹೆಸರು ಹಾಕಿದ್ರೆ ನಿಮ್ಮಮ್ಮ ನಾಳೆ ಗಂಡೆಲ್ಲಿ ಅಂತ ಕೇಳ್ತಾಳೆ. ಕರೆದ ಮೇಲೆ ಕೂರಿಸಬೇಕು."

ಯಾವುದಾದರೂ ಒಂದು ಹೆಸರು ಹಾಕಿ ಎಂದು ಕಂಪನಿಯವಳು ಫೋನಿನಲ್ಲಿ ಹೇಳಿದಳು. ಇಲ್ಲದವಳನ್ನು ಕರೆಯಲು ನನಗೆ ಬಾಯಿ ಬರಲಿಲ್ಲ. ನೋಡೋಣ ಎಂದು ಕೂತೆ. ಮೈಕು ಹಾಕಿದರು. ನಾನು ಸಾಲು ಹೇಳಿದೆ, ಅವಳು ಪಿಯಾನೋದಲ್ಲಿ ತಿರುಗಿ ಹೇಳಿದಳು. ಎರಡನೆಯದು ಹೇಳಿದೆ, ತಿರುಗಿ ಹೇಳಿದಳು. ನುಡಿಯ ಕೊನೆಗೆ ಬಂದೆ. ಹೆಸರು ಬರುವ ಜಾಗ. ಏನೂ ಹೇಳದೆ ಬಾಯಿ ಮುಚ್ಚಿಕೊಂಡೆ.

ಅವಳು ಒಂದು ಕ್ಷಣ ಕಾದಳು. ನಾನು ಹೇಳುತ್ತೇನೆ ಎಂದು ಕಾದದ್ದು. ನಾನು ಹೇಳಲಿಲ್ಲ. ಆಗ ಎರಡು ಕೈಯನ್ನೂ ಊರಿ ಅವಳೇ ನುಡಿಸಿದಳು. ನನ್ನ ಹಾಡಿನಲ್ಲಿ ಇಲ್ಲದ್ದು, ಟೀಚರಮ್ಮನ ಪುಸ್ತಕದಲ್ಲೂ ಇಲ್ಲದ್ದು. ಮೊದಲು ತಪ್ಪು ಮನೆಯ ಮೇಲೆ ಬೆರಳಿಟ್ಟಳು ಎಂದುಕೊಂಡೆ, ಆದರೆ ಅವಳು ಅದನ್ನೇ ಮತ್ತೆ ಮತ್ತೆ ಹೊಡೆದು, ಅಲ್ಲಿಂದಲೇ ದಾರಿ ಮಾಡಿಕೊಂಡು, ಸುತ್ತಾಡಿ, ನನ್ನ ಮುಂದಿನ ನುಡಿಯ ಬಾಗಿಲಿಗೆ ಬಂದು ನಿಂತಳು. ನಾನು ಎತ್ತಿಕೊಂಡೆ. ಹೀಗೆಯೇ ಕೊನೆಯವರೆಗೆ ಹೋಯಿತು. ಪ್ರತಿ ಹೆಸರಿನ ಜಾಗದಲ್ಲಿ ಅವಳು ಬೇರೆ ಬೇರೆಯಾಗಿ ನುಡಿಸಿದಳು. ರೆಕಾರ್ಡಿಂಗಿನವರು ನಿಲ್ಲಿಸಲಿಲ್ಲ.

ಗಾಜಿನ ಆಚೆಯ ಕೋಣೆಯಲ್ಲಿ ಕೂತು ಕೇಳಿದೆವು. ಸೂಪರ್ ಅಮ್ಮಾ ಎಂದರು ಅವರು. ನಾನು ಇನ್ನೊಂದು ಸಲ ಹಾಕಿಸಿದೆ. ಮೂರನೆಯ ಸಲ, ನಾನು ಹಾಡುವ ಕಡೆ ಪಿಯಾನೋ ಮಾತ್ರ ಕೇಳಿಸಿ ಎಂದೆ. ನನ್ನ ದನಿ ತೆಗೆದು ಕೇಳಿಸಿದರು. ಅಲ್ಲಿ ಹೆಚ್ಚೇನೂ ಇಲ್ಲ. ಅತ್ತೆಮನೆಗೆ ಹೊಸದಾಗಿ ಬಂದ ಸೊಸೆ ಹಜಾರ ದಾಟುವ ಹಾಗೆ, ಸೆರಗು ಹಿಡಿದುಕೊಂಡು ಬೆರಳ ತುದಿಯಲ್ಲಿ ನಡೆಯುತ್ತಿದ್ದಾಳೆ. ನಾನು ಬಾಯಿ ಮುಚ್ಚಿದ ಕೂಡಲೇ ಬೇರೆ ಹುಡುಗಿ. ಹಿಂದಿನ ದಿನಗಳದನ್ನೂ ಹಾಕಿಸಿ ನೋಡಿದೆ. ಕಂಪನಿಯವಳು ಕಣ್ಣೊರೆಸಿಕೊಂಡ ಹಾಡಿನಲ್ಲಿ ಕೊನೆಯವರೆಗೂ ಅವಳು ಬೆರಳ ತುದಿಯಲ್ಲೇ ನಡೆದಿದ್ದಳು.

ನನ್ನ ಕೆಲಸ ಏನೆಂದು ನನಗೆ ಗೊತ್ತು. ಹಸೆಯ ಮೇಲೆ ಕೂರುವವಳು ಹೆಣ್ಣು, ನಾನು ಪಕ್ಕದಲ್ಲಿ ಕೂತು ಕರೆಯುವವಳು. ಅವಳು ಬಂದು ಕೂತ ಮೇಲೆ ನನ್ನ ಹಾಡು ನಿಲ್ಲಬೇಕು. ಇಲ್ಲಿ ನನ್ನನ್ನೇ ಮಣೆಯ ಮೇಲೆ ಕೂರಿಸಿ ಆರತಿ ಎತ್ತುತ್ತಿದ್ದಾರೆ.

"ನನ್ನ ದನಿ ತೆಗೆದುಬಿಡು" ಎಂದೆ.

ಮೊಮ್ಮಗಳಿಗೆ ಅರ್ಥವಾಗಲಿಲ್ಲ. ಇನ್ನೊಂದು ಸಲ ಹಾಡಬೇಕಾ ಎಂದು ಕೇಳಿದಳು.

"ಬೇಡ. ಪೂರ್ತಿ ತೆಗಿ. ನಾನು ಬಾಯಿ ಮುಚ್ಚಿದ ಕಡೆ ನೀನು ಚೆನ್ನಾಗಿ ನುಡಿಸ್ತೀಯ. ನಾನು ಹಾಡೋ ಕಡೆ ನಿನ್ನ ಕೈ ಕಳ್ಳನ ಹಾಗೆ ಬರುತ್ತೆ."

"ಅದು ರೆಸ್ಪೆಕ್ಟ್ ಅಜ್ಜಿ."

"ರೆಸ್ಪೆಕ್ಟ್ ಬೇಕಾದ್ರೆ ಹಬ್ಬದ ದಿನ ಕಾಲಿಗೆ ಬೀಳು. ನುಡಿಸುವಾಗ ಬೇಡ."

ಅವಳಿಗೆ ಸಿಟ್ಟು ಬಂತು. ಸಿಟ್ಟು ಬಂದರೆ ಅವಳಿಗೆ ಕನ್ನಡ ಹೋಗಿಬಿಡುತ್ತದೆ.

"ನಿನಗೆ ಪುರಿಯುದಾ ಇಲ್ಲೆಯಾ, ಅರ್ಥ ಆಗ್ತಿದೆಯಾ ಇಲ್ವಾ? ನೀನು ಇಲ್ಲ ಅಂದ್ರೆ ಅವರು ರಿಲೀಸ್ ಮಾಡಮಾಟ್ಟಾಂಗ. ಎರಡು ವರ್ಷದ ಕೆಲಸ ಅಜ್ಜಿ ಇದು."

"ಮಾಡದಿದ್ರೆ ಇನ್ನೊಬ್ಬರನ್ನ ನೋಡು. ಇದು ನಿನ್ನ ಮೊದಲನೇದು. ಅದರ ಮೇಲೆ ನನ್ನ ಮುಖ. ಎರಡನೇದಕ್ಕೆ ಏನು ಮಾಡ್ತೀಯ? ನಿಮ್ಮಮ್ಮನ್ನ ಕರ್ಕೊಂಡು ಹೋಗ್ತೀಯ?"

ರೆಕಾರ್ಡಿಂಗಿನವರಿಗೆ ಮಾತು ಪೂರ್ತಿ ತಿಳಿಯದಿದ್ದರೂ ವಿಷಯ ತಿಳಿಯಿತು. ಎದ್ದು ಹೊರಗೆ ಹೋದರು. ಮೊಮ್ಮಗಳು ಅತ್ತಳು. ನಾನು ನನ್ನ ಕೈಯ ಟವಲ್ ಬಿಚ್ಚಿ ಮಡಿಸಿಟ್ಟೆ. ಅವಳನ್ನು ಸಮಾಧಾನ ಮಾಡಲಿಲ್ಲ. ಮಾಡಿದ್ದರೆ ಮಾತು ಹಿಂದಕ್ಕೆ ತೆಗೆದುಕೊಳ್ಳಬೇಕಾಗುತ್ತಿತ್ತು.

ಸಾಯಂಕಾಲ ಕಂಪನಿಯವಳು ಫೋನು ಮಾಡಿದಳು. ಪಾಟಿ, ಏನಾದರೂ ತಪ್ಪಾಯಿತಾ, ಫೋಟೋ ಬೇಡವೆಂದರೆ ಫೋಟೋ ಬೇಡ, ಹಾಡು ಮಾತ್ರ ಕೊಡಿ ಎಂದಳು. ತಪ್ಪೇನೂ ಆಗಿಲ್ಲ, ಹಾಡು ಬೇಡಮ್ಮಾ ಎಂದೆ. ಹಾಗಾದರೆ ಯೋಚನೆ ಮಾಡಿ ಹೇಳುತ್ತೇವೆ ಎಂದಳು. ದನಿ ತಣ್ಣಗಾಗಿತ್ತು.

ಆಮೇಲೆ ಮನೆಯಲ್ಲಿ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಸೊಸೆ ತಟ್ಟೆಯನ್ನು ಸ್ವಲ್ಪ ಸದ್ದು ಮಾಡಿ ಇಡುತ್ತಿದ್ದಳು. ಮಗ ಅಂಗಡಿಯಿಂದ ಬಂದವನು, ಅವಳ ಬಾಯಿಗೆ ಬಂದ ತುತ್ತನ್ನು ನೀನು ಯಾಕಮ್ಮ ತೆಗೆದೆ ಎಂದ. ಕೇಳಬೇಕಾದ ಮಾತೇ. ಕಂಪನಿ ಕೈಬಿಟ್ಟರೆ ಆ ಹುಡುಗಿ ಇನ್ನೆಷ್ಟು ವರ್ಷ ಹೋಟೆಲಿನಲ್ಲಿ ನುಡಿಸುತ್ತಿರಬೇಕೋ ನನಗೂ ಗೊತ್ತಿರಲಿಲ್ಲ. ಸರಿ ಮಾಡಿದೆನೋ ಇಲ್ಲವೋ ಎಂದು ಯೋಚಿಸಿದೆ. ಎಷ್ಟು ಯೋಚಿಸಿದರೂ ಆ ಬೆರಳ ತುದಿಯ ನಡಿಗೆಯೇ ಕಿವಿಗೆ ಬರುತ್ತಿತ್ತು. ಹಾಗಾಗಿ ಫೋನು ಮಾಡಿ ಒಪ್ಪಿಕೊಳ್ಳಲಿಲ್ಲ.

ಮೊಮ್ಮಗಳು ಮಾತಾಡದೆಯೇ ಎದ್ದು ಹೋಗುವುದು, ಮಾತಾಡದೆಯೇ ಬರುವುದು ಮಾಡುತ್ತಿದ್ದಳು. ಒಂದು ಮಧ್ಯಾಹ್ನ ನಾನು ಅನ್ನ ಬಡಿಸಿಕೊಳ್ಳುತ್ತಿದ್ದಾಗ ಬಂದು, ನನ್ನ ತಟ್ಟೆಯ ಪಕ್ಕ ಫೋನನ್ನು ಇಟ್ಟು ಹಾಡು ಹಾಕಿ, ಎದುರಿಗೆ ಕೂತಳು.

ಅವಳು ಮಾಡಿದ್ದು ಇದು. ನನ್ನ ದನಿಯನ್ನು ತನ್ನ ಕಿವಿಯಲ್ಲಿ ಮಾತ್ರ ಇಟ್ಟುಕೊಂಡು, ನಾನು ಹೇಳುವಾಗ ಕೈ ಎತ್ತಿ ಸುಮ್ಮನಿದ್ದು, ನಾನು ನಿಲ್ಲಿಸಿದಾಗ ನುಡಿಸಿದ್ದಳು. ತಿರುಗಿ ಹೇಳುವ ಸಾಲುಗಳು, ಹೆಸರಿನ ಜಾಗಗಳು, ಅಷ್ಟೇ. ನನ್ನ ಸಾಲುಗಳಿರುವ ಕಡೆ ಖಾಲಿ. ಯಾರೋ ಕರೆಯುತ್ತಿದ್ದಾರೆ, ನಮಗೆ ಅದು ಕೇಳಿಸುವುದಿಲ್ಲ, ಇವಳಿಗೆ ಕೇಳಿಸುತ್ತಿದೆ, ಉತ್ತರ ಕೊಡುತ್ತಿದ್ದಾಳೆ. ಒಂದು ಕಡೆಯೂ ಮೆಲ್ಲಗೆ ನಡೆಯಲಿಲ್ಲ. ನಾನು ಓಡುತ್ತೇನಲ್ಲ, ಅದನ್ನೂ ಬಿಟ್ಟಿರಲಿಲ್ಲ. ಕೊನೆಕೊನೆಗೆ ಖಾಲಿ ಜಾಗಗಳು ಚಿಕ್ಕವಾಗುತ್ತಾ ಬಂದು ಅವಳು ನನ್ನ ಹಿಂದೆಯೇ ಓಡಿದ್ದಳು.

"ಹೇಗಿದೆ?" ಎಂದಳು.

"ಎರಡನೇ ನುಡಿ ಸ್ವಲ್ಪ ಜಾಸ್ತಿ ಎಳೆದಿದೀಯ. ಮಿಕ್ಕದ್ದು ಸರಿ ಇದೆ. ಊಟ ಮಾಡು."

ಕೂತು ಊಟ ಮಾಡಿದಳು.

ಕಂಪನಿಯವಳಿಗೆ ಅದನ್ನು ಕಳಿಸಿದ್ದಾಯಿತು. ಬಹಳ ದಿನ ಕಾಯಿಸಿದಳು. ಕೊನೆಗೆ ಹೊರತಂದಳು, ಆದರೆ ಹೇಳಿದ ಹಾಗೆ ಸಭೆ ಗಿಭೆ ಮಾಡಲಿಲ್ಲ, ಪೇಪರಿನವರನ್ನು ಕರೆಯಲಿಲ್ಲ. ಫೋನಿನಲ್ಲಿ ಕೇಳುವ ಹಾಗೆ ಹಾಕಿದರು, ಅಷ್ಟೇ. ಮೇಲೆ ಮೊಮ್ಮಗಳ ಹೆಸರು, ಪಿಯಾನೋ ಮುಂದೆ ಕೂತ ಅವಳ ಫೋಟೋ. ಇದು ಕೊನೆಯ ಹಾಡು. ಕೇಳಿದವರು ಕಡಿಮೆ. ಕೇಳಿದವರಲ್ಲಿ ಯಾರೋ ಬೊಂಬಾಯಿಯಿಂದ ಅವಳನ್ನು ನುಡಿಸಲು ಕರೆದಿದ್ದಾರೆ, ತಂತಿ ವಾದ್ಯದವನೂ ಡ್ರಮ್ಮಿನವನೂ ಸೇರಿ ಮೂವರೂ ಹೋಗುತ್ತಾರೆ. ಅಜ್ಜಿ ಬರುತ್ತಾರಾ ಎಂದು ಅವರು ಕೇಳಿಲ್ಲ. ಅವರಿಗೆ ಅಜ್ಜಿ ಒಬ್ಬಳು ಇರುವುದೇ ಗೊತ್ತಿಲ್ಲ.

ಓರಗಿತ್ತಿಯ ಮಂಡಿ ನೋಡಿಕೊಂಡು ಬರಲು ಅಣ್ಣಾ ನಗರಕ್ಕೆ ಹೋಗಿದ್ದೆ. ಅವಳು ಕಾಲು ಚಾಚಿಕೊಂಡು ಕೂತು, ಫೋನನ್ನು ಕಿವಿಗೆ ಹಿಡಿದು, ಆ ಕೊನೆಯ ಹಾಡನ್ನು ಪೂರ್ತಿ ಕೇಳಿದಳು. ಮುಖ ಗಂಟು ಹಾಕಿಕೊಂಡಿತ್ತು.

"ನನ್ನ ಪಾಲನ್ನೆಲ್ಲ ಈ ಪಿಯಾನೋನೇ ಹೇಳ್ತಿದೆ. ನಿನ್ನ ಪಾಲು ಎಲ್ಲಕ್ಕ?"

"ನಂದು ನಾನು ಕೊಡಲಿಲ್ಲ" ಎಂದೆ. "ಬೇಕಾದವರು ಮದುವೆಗೆ ಕರೀಲಿ."